ಔಷಧಿ ಹೊಡೆಸುವ ಮೊದಲು ಒಮ್ಮೆ ನಮ್ಮ ತಾರಸಿಗೆ ಬನ್ನಿ

ಬೆಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳಿಗೆ, ವಾರ್ಡಿನ ಪಾಲಿಕೆ ಅಧಿಕಾರಿಗಳಿಗೆ ಮತ್ತು ಅಕ್ಕಪಕ್ಕದ ಎಲ್ಲ ಮನೆಯವರಿಗೆ,

ನಮಸ್ಕಾರ.

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಗಿಡಕ್ಕೆ ನೀರು ಹಾಕಲು ತಾರಸಿ ಹತ್ತಿದೆ. ಕೊನೆಯ ಮೆಟ್ಟಿಲಲ್ಲಿ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಸತ್ತ ಜೇನುಹುಳ. ತಲೆ ಎತ್ತಿ ನೋಡಿದರೆ ತಾರಸಿ ತುಂಬ ಅವೇ. ತುಳಸಿ ಕುಂಡದ ಬುಡದಲ್ಲಿ, ನಲ್ಲಿಯ ಕೆಳಗೆ, ಒಗೆಯುವ ಕಲ್ಲಿನ ಮೇಲೆ. ಕೆಲವಕ್ಕೆ ಇನ್ನೂ ಜೀವ ಹೋಗಿರಲಿಲ್ಲ. ಬೆನ್ನ ಮೇಲೆ ಬಿದ್ದು ಗಿರಗಿರ ಸುತ್ತುತ್ತಿದ್ದವು. ಒಂದನ್ನು ಎಲೆಯ ಮೇಲೆ ಎತ್ತಿಕೊಂಡೆ. ಕೂದಲೆಳೆಯಂಥ ನಾಲಿಗೆ ಪೂರ್ತಿ ಹೊರಗೆ ಚಾಚಿತ್ತು. ಹಿಂಗಾಲಿಗೆ ಮೆತ್ತಿಕೊಂಡಿದ್ದ ಪರಾಗದ ಉಂಡೆ ಹಾಗೇ ಇತ್ತು. ವಿಷ ತಗುಲಿದ ಜೇನು ಸಾಯುವುದು ಹೀಗೆಯೇ, ನಾಲಿಗೆ ಚಾಚಿಕೊಂಡು. ಗುಡಿಸಿ ಒಟ್ಟು ಮಾಡಿದಾಗ ಒಂದು ಮೊರ ತುಂಬಿತು.

ಹಿಂದಿನ ದಿನ ಬೆಳಗ್ಗೆ 10.30ಕ್ಕೆ ಪಾರ್ಕಿನ ಮೂಲೆಯ ಹೊಂಗೆ ಮರಕ್ಕೆ ಔಷಧಿ ಹೊಡೆಸಿದ್ದಿರಿ. ಮೇಲಿನ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿತ್ತು, ಜನ ಹೆದರಿದ್ದರು. ಅದು ನನಗೂ ಗೊತ್ತು. ಆದರೆ ಆ ಹೊತ್ತಿಗೆ ಮರ ತುಂಬ ಹೂ ಇತ್ತು. ಯುಗಾದಿ ಕಳೆದ ಮೇಲೆ ಹೊಂಗೆ ಹೇಗೆ ಹೂ ಬಿಡುತ್ತದೆ ಅಂತ ನಿಮಗೂ ಗೊತ್ತಲ್ವಾ, ಕೆಳಗೆ ನಿಲ್ಲಿಸಿದ ಕಾರುಗಳ ಮೇಲೆಲ್ಲ ಉದುರಿರುತ್ತದೆ. ಆ ಹೂವಿಗೆ ಹೆಜ್ಜೇನು ಮಾತ್ರ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಬರುತ್ತದೆ, ಕೋಲುಜೇನು ಬರುತ್ತದೆ, ಪುಟ್ಟ ಮಿಸರಿ ಜೇನು ಬರುತ್ತದೆ, ಕಪ್ಪು ದುಂಬಿ ಬರುತ್ತದೆ. ಪೈಪಿನಿಂದ ಚಿಮ್ಮಿದ ವಿಷ ಅಷ್ಟಕ್ಕೂ ಬಿತ್ತು.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ತಿಂಗಳ ಸಭೆಯಲ್ಲಿ ಎರಡು ವಿಷಯ ಬಂದವು. ಒಂದು, ಇಡೀ ವರ್ಷಕ್ಕೆ ಕೀಟನಾಶಕ ಹೊಡೆಯುವವರಿಗೆ ಗುತ್ತಿಗೆ ಕೊಡುವ ಮಾತು. ಇನ್ನೊಂದು ನನ್ನ ಮನೆಯದು. ‘ತಾರಸಿಯಲ್ಲಿ ಹುಳ ಸಾಕುತ್ತಿದ್ದಾರೆ, ವಾಸನೆ ಬರುತ್ತದೆ, ಹಾವು ಬರಬಹುದು, ತೆಗೆಸಬೇಕು’ ಅಂತ ದೂರು. ಸಭೆಯಲ್ಲಿ ಮಾತಾಡಲು ಸಿಕ್ಕಿದ್ದು ಎರಡು ನಿಮಿಷ. ಅದಕ್ಕೇ ಈ ಪತ್ರ. ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಹುಳದ, ಅಂದರೆ ಗೊಬ್ಬರಕ್ಕೆ ಸಾಕಿದ ಎರೆಹುಳದ ವಿಷಯವನ್ನೇ ಹೇಳುತ್ತೇನೆ.

ನಮ್ಮದು ಎಲ್ಲರ ಹಾಗೆ 30x40 ಸೈಟು. ನೆಲದಲ್ಲಿ ಮಣ್ಣು ಅಂತ ಉಳಿದಿರುವುದು ಗೇಟಿನ ಪಕ್ಕದ ಒಂದು ಮಾರು ಜಾಗ ಮಾತ್ರ. ತೋಟವೆಲ್ಲ ತಾರಸಿ ಮೇಲೆ. 2012ರಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಕಸದ ಗುಡ್ಡಕ್ಕೆ ಬಾಗಿಲು ಹಾಕಿದಾಗ ನಮ್ಮ ಬೀದಿಯ ಮೂಲೆಯಲ್ಲಿ ಕಸ ಸೊಂಟದೆತ್ತರ ಬಿದ್ದಿತ್ತು. ಹಳಬರಿಗೆ ನೆನಪಿರಬಹುದು. ಆಮೇಲೆ ಆ ಕಸ ಮಂಡೂರಿನ ಕಡೆ ಹೋಯಿತು. ಅಲ್ಲಿಯ ಜನ ಬಾವಿ ನೀರು ಕೆಟ್ಟು, ನೊಣ ಮುತ್ತಿ, ಸಾಕಾಗಿ ರಸ್ತೆಗಿಳಿದರು. 2014ರಲ್ಲಿ ಅದೂ ನಿಂತಿತು. ಟಿವಿಯಲ್ಲಿ ಮಂಡೂರಿನ ಹೆಂಗಸರು ಸೆರಗು ಮುಚ್ಚಿಕೊಂಡು ಲಾರಿಗಳ ಎದುರು ನಿಂತಿದ್ದನ್ನು ನೋಡಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಆ ಲಾರಿಯಲ್ಲಿ ನಮ್ಮ ಮನೆಯ ಸೌತೆಕಾಯಿ ಸಿಪ್ಪೆಯೂ ಇತ್ತಲ್ಲ. ನಮ್ಮ ಮನೆಯ ಹಸಿ ಕಸ ಇನ್ನು ಗೇಟು ದಾಟಬಾರದು ಅಂತ ಅವತ್ತು ಗಟ್ಟಿ ಮಾಡಿದೆ. ಇವತ್ತಿನವರೆಗೂ ದಾಟಿಲ್ಲ.

ಆ ವರ್ಷದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದಿಂದ ಅರ್ಧ ಕೆಜಿ ಎರೆಹುಳು ತಂದೆ. ಒಂದು ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ತಳಕ್ಕೆ ತೂತು ಹೊಡೆಸಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟೆ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ಒಣ ಎಲೆ, ಅದರ ಮೇಲೆ ಹಳೇ ಸಗಣಿ. ಹಸಿ ಸಗಣಿ ಹಾಕಬಾರದು, ಕಾವಿಗೆ ಹುಳ ಸಾಯುತ್ತದೆ. ಮೇಲೆ ಒದ್ದೆ ಗೋಣಿಚೀಲ. ದಿನಾ ಅಡುಗೆಮನೆಯಿಂದ ಬರುವ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ, ಚಹಾ ಚರಟ, ದೇವರಿಗಿಟ್ಟ ಹೂವು, ಎಲ್ಲ ಅದಕ್ಕೇ. ಒಂದು ಬೊಗಸೆ ಸಿಪ್ಪೆಗೆ ಎರಡು ಬೊಗಸೆ ಒಣ ಎಲೆ. ನಿಂಬೆಸಿಪ್ಪೆ, ಈರುಳ್ಳಿ, ಉಪ್ಪು ಖಾರ ಬಿದ್ದ ಅನ್ನ ಸಾರು, ಎಣ್ಣೆ ಪದಾರ್ಥ ಇದಕ್ಕೆ ಆಗುವುದಿಲ್ಲ. ಎರೆಹುಳಕ್ಕೆ ಶ್ವಾಸಕೋಶವಿಲ್ಲ, ಚರ್ಮದಿಂದಲೇ ಉಸಿರಾಡುತ್ತದೆ. ಆ ಚರ್ಮ ಯಾವಾಗಲೂ ಒದ್ದೆ ಇರಬೇಕು. ಉಪ್ಪು ತಾಗಿದರೆ ಸುಟ್ಟ ಹಾಗೆ.

ತೇವ ಎಷ್ಟಿರಬೇಕು ಅಂತ ಬಹಳ ಜನ ಕೇಳುತ್ತಾರೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಹಾಕಿ. ಏನೂ ಬರದಿದ್ದರೆ ಗೋಣಿಯ ಮೇಲೆ ನೀರು ಚಿಮುಕಿಸಿ. ವಾಸನೆ ಬರುವುದು ನೀರು ಜಾಸ್ತಿಯಾಗಿ ಗಾಳಿ ಆಡದಿದ್ದಾಗ. ದೂರು ಕೊಟ್ಟವರು ದಯವಿಟ್ಟು ಬಂದು ಗೋಣಿ ಎತ್ತಿ ಮೂಸಿ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಬರುವುದಿಲ್ಲ. ಇರುವೆ ಹತ್ತದಂತೆ ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದೇನೆ. ಆ ನೀರಿನಲ್ಲಿ ಸೊಳ್ಳೆಮರಿ ಆಗದಂತೆ ಎರಡೆರಡು ಹನಿ ಎಣ್ಣೆ ಬಿಡುತ್ತೇನೆ. ಹಾವು ಬರುವುದು ಇಲಿಗಾಗಿ. ಅನ್ನ ಸಾರು ಹಾಕದಿದ್ದರೆ ಇಲಿಗೆ ಅಲ್ಲಿ ಕೆಲಸವಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ತಾರಸಿಗೆ ಒಂದು ಹಾವೂ ಬಂದಿಲ್ಲ.

ಎರಡು ತಿಂಗಳಿಗೊಮ್ಮೆ ಗೊಬ್ಬರ ತೆಗೆಯುತ್ತೇನೆ. ಎರೆಹುಳು ಬೆಳಕು ಸಹಿಸುವುದಿಲ್ಲ. ಗೋಣಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಕೆಳಗಿಳಿಯುತ್ತವೆ. ಮೇಲಿನ ಪದರವನ್ನು ಕೈಯಲ್ಲೇ ತೆಗೆಯಬಹುದು. ಕಪ್ಪಗೆ, ಕಾಫಿಪುಡಿಯ ಹಾಗೆ ಹರಳು ಹರಳು. ಅದರೊಳಗೆ ಅಲ್ಲಲ್ಲಿ ಸಣ್ಣ ನಿಂಬೆಕಾಯಿ ಆಕಾರದ ಹಳದಿ ಕಾಳು ಕಾಣುತ್ತವೆ, ಸಾಸಿವೆಗಿಂತ ತುಸು ದೊಡ್ಡವು. ಅವು ಹುಳದ ಮೊಟ್ಟೆಗೂಡು. ಒಂದೊಂದರೊಳಗೂ ಒಂದಕ್ಕಿಂತ ಹೆಚ್ಚು ಮರಿ ಇರಬಹುದು. ನನ್ನ ಮೊಮ್ಮಗಳು ಅವನ್ನು ಒಂದೊಂದಾಗಿ ಆರಿಸಿ ಮತ್ತೆ ಡ್ರಮ್ಮಿಗೆ ಹಾಕುತ್ತಾಳೆ. ಅರ್ಧ ಕೆಜಿಯಿಂದ ಶುರುವಾದ ಹುಳಗಳನ್ನು ಈವರೆಗೆ 11 ಮನೆಗೆ ಹಂಚಿದ್ದೇನೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡ್ರಮ್ಮಿನಲ್ಲಿ ಇರುವುದು ಐಸೀನಿಯಾ ಫೆಟಿಡಾ ಅನ್ನುವ ಕೆಂಪು ಹುಳ. ಕೆಲವರು ಆಫ್ರಿಕಾದ ಯೂಡ್ರಿಲಸ್ ಸಾಕುತ್ತಾರೆ. ಇವೆಲ್ಲ ಮೇಲೆ ಮೇಲೆ ಇದ್ದು ಕಸ ತಿನ್ನುವ ಹುಳಗಳು. ಮಳೆಗಾಲದಲ್ಲಿ ರಸ್ತೆಗೆ ಬರುತ್ತವಲ್ಲ, ಆ ನಮ್ಮ ಮಣ್ಣಿನ ಹುಳಗಳು ಬೇರೆ. ಅವು ಆಳಕ್ಕೆ ಬಿಲ ಕೊರೆಯುತ್ತವೆ. ನೀರು ಇಂಗುವುದು ಆ ಬಿಲಗಳಿಂದ. ಪಾರ್ಕಿನಲ್ಲಿ ಕಾಲುದಾರಿಗೆ ಅಂತ ಉಳಿದ ಮಣ್ಣಿಗೂ ಕಾಂಕ್ರೀಟ್ ಹಾಕಿದ್ದೀರಿ. ಮಳೆ ಬಂದರೆ ನೀರು ನಿಲ್ಲುತ್ತದೆ ಅಂತ ಅದೇ ಸಭೆಯಲ್ಲಿ ದೂರು ಬಂತು. ಈ ಎರಡಕ್ಕೂ ನಂಟಿದೆ. ‘ಎರೆಹುಳು ರೈತನ ಮಿತ್ರ’ ಅಂತ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಊರಿನಲ್ಲಿರುವ ನಮಗೂ ಅದು ಮಿತ್ರನೇ.

ಈಗ ಜೇನಿನ ವಿಷಯ.

ನಾನು ಶಿರಸಿ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಅಪ್ಪ ಮನೆಯ ಹಿಂದೆ ಏಳೆಂಟು ತುಡುವೆ ಪೆಟ್ಟಿಗೆ ಇಟ್ಟಿದ್ದರು. ಜೇನು ಮಾರಿ ಸಂಸಾರ ನಡೆಸುತ್ತಿದ್ದರು ಅಂತಲ್ಲ. ಹಿತ್ತಲಿನ ಸೌತೆ, ಮೊಗೆ, ಹಾಗಲ ಎಲ್ಲ ಆ ಪೆಟ್ಟಿಗೆಗಳ ದೆಸೆಯಿಂದ ಅಂತ ಅಮ್ಮ ಹೇಳುತ್ತಿದ್ದಳು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿಯಿತು. ಮರಿಗಳು ನೀರು ತುಂಬಿದ ಚೀಲದ ಹಾಗಾಗಿ ಗೂಡಿನೊಳಗೇ ಸಾಯುತ್ತಿದ್ದವು. ನಮ್ಮ ಕಡೆ, ಕೊಡಗಿನಲ್ಲಿ, ಕೇರಳದಲ್ಲಿ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಅಪ್ಪನ ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ಮರುವರ್ಷ ಹಿತ್ತಲಲ್ಲಿ ಬಳ್ಳಿ ತುಂಬ ಹೂವಿತ್ತು. ಹೀಚು ಹಳದಿಯಾಗಿ ಉದುರುತ್ತಿತ್ತು. ಅಮ್ಮ ಉದುರಿದ ಮೊಗೆಯ ಹೀಚುಗಳನ್ನು ಸೆರಗಿಗೆ ಹಾಕಿಕೊಂಡು ಜಗುಲಿಯಲ್ಲಿ ಸುಮ್ನೆ ಕೂತಿದ್ದು ನನ್ನ ಕಣ್ಣಲ್ಲಿದೆ. ಅವತ್ತು ರೋಗ ಬಂತು, ಯಾರ ಕೈಯಲ್ಲೂ ಇರಲಿಲ್ಲ. ಹೋದ ಏಪ್ರಿಲ್‌ನಲ್ಲಿ ನಮ್ಮ ತಾರಸಿಯಲ್ಲಿ ಆದದ್ದು ನಮ್ಮ ಕೈಯಲ್ಲೇ ಇತ್ತು.

ಸಿಹಿಗುಂಬಳದ ಬಳ್ಳಿ ನೋಡಿದ್ದೀರಾ? ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಗೋಲಿಯಷ್ಟು ಪುಟ್ಟ ಕುಂಬಳ ಆಗಲೇ ಇರುತ್ತದೆ. ಹೂ ನಸುಕಿಗೆ ಅರಳುತ್ತದೆ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಒಂದೇ ಬೆಳಗು ಅದರ ಆಯಸ್ಸು. ಅಷ್ಟರೊಳಗೆ ಯಾರಾದರೂ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಆ ಪರಾಗ ದಪ್ಪ, ಅಂಟು. ಗಾಳಿಗೆ ಹಾರುವುದಿಲ್ಲ. ಜೇನೇ ಬರಬೇಕು. ತುಡುವೆ ಜೇನು ಗಂಡು ಹೂವಿನ ಬಟ್ಟಲಿಗೆ ಇಳಿದು ಮೇಲೆ ಬಂದಾಗ ಮೈಯೆಲ್ಲ ಅರಿಶಿನ ಎರಚಿದ ಹಾಗಿರುತ್ತದೆ. ಹಾರಲಾರದ ಹಾಗೆ ತೂಗಾಡುತ್ತ ಪಕ್ಕದ ಹೂವಿಗೆ ಹೋಗುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಗೋಲಿಯಷ್ಟಿದ್ದ ಕಾಯಿ ಬಗ್ಗಿ ನೆಲ ನೋಡುತ್ತಿರುತ್ತದೆ. ಕಾಯಿ ಕಟ್ಟಿತು ಅಂತ ಅರ್ಥ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಬಳ್ಳಿಯಲ್ಲಿ 14 ಹೆಣ್ಣು ಹೂ ಬಿಟ್ಟವು. ಬೆಳಗ್ಗೆ 6ಕ್ಕೆ ಹೋಗಿ ಕೂತು ನೋಡಿದೆ. ಒಂದು ಜೇನೂ ಬರಲಿಲ್ಲ. ಗಂಡು ಹೂವಿನ ಎಸಳು ಕಿತ್ತು, ನಡುವಿನ ದಂಟನ್ನು ಹೆಣ್ಣು ಹೂವಿಗೆ ನಾನೇ ಒರೆಸಿದೆ. ಮೂರು ಕಾಯಿ ನಿಂತವು. ಅದಕ್ಕೂ ಹಿಂದಿನ ವರ್ಷ ಅಕ್ಕಪಕ್ಕಕ್ಕೆಲ್ಲ ಹೋಳು ಮಾಡಿ ಹಂಚಿದ್ದೆ. ನಿಮ್ಮಲ್ಲೂ ಕೆಲವರಿಗೆ ಬಂದಿರಬೇಕು.

ಬದನೆ, ಟೊಮೆಟೊ ಬೇರೆ ಥರ. ಆ ಹೂಗಳಲ್ಲಿ ಪರಾಗ ಕೊಳವೆಯೊಳಗಿರುತ್ತದೆ. ತುದಿಗೆ ಸಣ್ಣ ತೂತು, ಉಪ್ಪಿನ ಡಬ್ಬಿಯ ಹಾಗೆ. ಅಲುಗಿಸಿದರೆ ಉದುರುತ್ತದೆ. ಗಾಳಿಗೂ ಸ್ವಲ್ಪ ಉದುರೀತು. ಆದರೆ ಈ ಕೆಲಸ ಬಲ್ಲದ್ದು ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಒಂಟಿ ಜೇನು, ಮತ್ತೆ ಕಪ್ಪು ದುಂಬಿ. ಅವು ಹೂವನ್ನು ತಬ್ಬಿ ಹಿಡಿದು ರೆಕ್ಕೆಯ ಸ್ನಾಯುವನ್ನು ಜೋರಾಗಿ ಕಂಪಿಸುತ್ತವೆ. ಝುಂಯ್ ಅಂತ ಒಂದು ತೆಳ್ಳನೆ ಸದ್ದು. ಆಮೇಲೆ ಪರಾಗ ಪುಡಿಪುಡಿಯಾಗಿ ಅವುಗಳ ಎದೆಯ ಮೇಲೆ ಬೀಳುತ್ತದೆ. ತುಡುವೆಗಾಗಲೀ ಹೆಜ್ಜೇನಿಗಾಗಲೀ ಈ ವಿದ್ಯೆ ಬರುವುದಿಲ್ಲ. ನೀಲಿ ಪಟ್ಟೆಯ ಜೇನು ಗೂಡು ಕಟ್ಟುವುದು ಮಣ್ಣಿನಲ್ಲಿ, ಹಳೇ ಮಣ್ಣಿನ ಗೋಡೆಯಲ್ಲಿ. ಕಪ್ಪು ದುಂಬಿಗೆ ಒಣ ಬಿದಿರು, ಒಣ ಮರ ಬೇಕು. ನಾನು ಒಣ ಬಿದಿರಿನ ತುಂಡುಗಳನ್ನು ಕಟ್ಟು ಮಾಡಿ ನೀರಿನ ಟ್ಯಾಂಕಿನ ಕೆಳಗೆ ತೂಗುಹಾಕಿದ್ದೇನೆ. ಎರಡು ತುಂಡಿನಲ್ಲಿ ದುಂಬಿ ಸಂಸಾರ ಹೂಡಿದೆ.

ಇನ್ನು ನಮ್ಮ ಮೀಟರ್ ಬಾಕ್ಸಿನ ಪಕ್ಕದ ಗೋಡೆಯ ತೂತಿನಲ್ಲಿ ಮಿಸರಿ ಜೇನಿದೆ. ದಕ್ಷಿಣ ಕನ್ನಡದವರು ಮುಜಂಟಿ ಅನ್ನುತ್ತಾರೆ. ಸೊಳ್ಳೆಗಿಂತ ತುಸು ದಪ್ಪ, ಕಪ್ಪು. ಮುಳ್ಳಿಲ್ಲ, ಚುಚ್ಚುವುದೇ ಇಲ್ಲ. ಬಾಗಿಲಲ್ಲಿ ಮೇಣದ ಒಂದು ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಇದು ಇರುತ್ತದೆ, ಗೊತ್ತಿಲ್ಲದೆ ಸಿಮೆಂಟು ಮೆತ್ತಿ ಮುಚ್ಚಿಬಿಡುತ್ತಾರೆ. ಬಣ್ಣ ಹೊಡೆಸುವಾಗ ಪೇಂಟಿನವರಿಗೆ ಒಂದು ಮಾತು ಹೇಳಿದರೆ ಸಾಕು, ಒಂದು ಊರೇ ಉಳಿಯುತ್ತದೆ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆ. ಎರೆಹುಳು ನನ್ನ ಡ್ರಮ್ಮಿನಲ್ಲೇ ಇರುತ್ತದೆ. ಅದರ ಕಷ್ಟ ಸುಖ ನನ್ನ ಕೈಯಲ್ಲಿದೆ. ಜೇನು ಹಾಗಲ್ಲ. ಅತಿ ಸಣ್ಣ ಮಿಸರಿಯೇ ಮೇವಿಗೆ ಕೆಲವು ನೂರು ಮೀಟರ್ ಹೋಗುತ್ತದೆ. ತುಡುವೆ ಅದಕ್ಕಿಂತ ದೂರ, ಹೆಜ್ಜೇನು ಇನ್ನೂ ಬಹಳ ದೂರ. ನನ್ನ ತಾರಸಿಯಲ್ಲಿ ಎಷ್ಟು ಹೂ ಬೆಳೆಸಿದರೂ ಅವಕ್ಕೆ ಅದು ಒಂದು ತುತ್ತು. ಅವುಗಳ ಹೊಟ್ಟೆ ತುಂಬುವುದು ಪಾರ್ಕಿನ ಹೊಂಗೆಯಲ್ಲಿ, ಎರಡನೇ ಕ್ರಾಸಿನ ನೇರಳೆಯಲ್ಲಿ, ದೇವಸ್ಥಾನದ ಬೇವಿನಲ್ಲಿ, ನಿಮ್ಮ ಮನೆ ಎದುರಿನ ನುಗ್ಗೆಯಲ್ಲಿ. ನಾನು 13 ವರ್ಷದಿಂದ ಒಂದು ತೊಟ್ಟು ವಿಷ ಹಾಕದೆ ತೋಟ ಮಾಡಿದೆ. ಪಾರ್ಕಿಗೆ ಬಿದ್ದ ಅರ್ಧ ಗಂಟೆಯ ವಿಷ ನನ್ನ ತೋಟವನ್ನೂ ಮುಗಿಸಿತು. ತೋಟ ನನ್ನದು, ಜೇನು ಇಡೀ ಬಡಾವಣೆಯದು. ಅದಕ್ಕೇ ನಿಮ್ಮನ್ನು ಕೇಳದೆ ನನಗೆ ಬೇರೆ ದಾರಿಯಿಲ್ಲ.

ಹೆಜ್ಜೇನು ಅಪಾಯವಿಲ್ಲ ಅಂತ ನಾನು ಹೇಳುವುದಿಲ್ಲ. ರೊಚ್ಚಿಗೆದ್ದರೆ ಪ್ರಾಣ ಹೋದದ್ದೂ ಉಂಟು. ಶಾಲೆಯ ಬಾಗಿಲ ಮೇಲೆ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಕಟ್ಟಿದರೆ ತೆಗೆಸಲೇಬೇಕು. ಕೊಲ್ಲದೆ ತೆಗೆಯುವ ನುರಿತವರು ಬೆಂಗಳೂರಿನಲ್ಲೇ ಇದ್ದಾರೆ. ಜಿಕೆವಿಕೆಯಲ್ಲಿ ಜೇನು ಕೃಷಿಯ ವಿಭಾಗವೇ ಇದೆ, ಸಲಹೆ ಕೇಳಬಹುದು. ಆದರೆ 40 ಅಡಿ ಎತ್ತರದ ಕೊಂಬೆಯಲ್ಲಿದ್ದ ಗೂಡು ಯಾರಿಗೆ ಏನು ಮಾಡಿತ್ತು? ಹೆಜ್ಜೇನು ವಲಸೆ ಹೋಗುವ ಜೇನು. ಕೆಲವು ತಿಂಗಳಿದ್ದು, ಮೇವು ಮುಗಿದ ಮೇಲೆ ತಾನಾಗಿಯೇ ಎದ್ದು ಹೋಗುತ್ತದೆ. ಹಾರಿ ಬಂದು ಸುಮ್ನೆ ಗುಂಪಾಗಿ ಕೂತ ಹಿಂಡಾದರೆ ಒಂದೆರಡು ದಿನದಲ್ಲಿ ಜಾಗ ಖಾಲಿ. ಸಂಜೆ ಹೊತ್ತು ಬಾಲ್ಕನಿಗೆ ಜೇನು ಬಂತು ಅಂತ ಮೂರನೇ ಮಹಡಿಯವರು ಹೆದರಿದ್ದರು. ಹೆಜ್ಜೇನಿಗೆ ರಾತ್ರಿ ಪ್ರಖರ ಬೆಳಕು ಕಂಡರೆ ಸೆಳೆತ. ಬಾಲ್ಕನಿಯ ದೀಪ ಆರಿಸಿ, ಪರದೆ ಎಳೆದರೆ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಗೂಡಿನ ಕೆಳಗೆ ಹೊಗೆ ಹಾಕಬೇಡಿ, ಪಟಾಕಿ ಹೊಡೆಯಬೇಡಿ. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಅಂತ ಗಾದೆ ಹುಟ್ಟಿದ್ದು ಸುಮ್ನೆ ಅಲ್ಲ. ಅಕಸ್ಮಾತ್ ಮೈಮೇಲೆ ಬಂದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಹತ್ತಿರದ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳಿ. ನಮ್ಮ ಮನೆ ಬಾಗಿಲು ಯಾವಾಗಲೂ ತೆಗೆದಿರುತ್ತದೆ.

ಪಾಲಿಕೆಯವರಿಗೆ ಒಂದು ಮಾತು. ಡೆಂಗಿಗೆ ಹೆದರಿ ಫಾಗಿಂಗ್ ಮಾಡುತ್ತೀರಿ, ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬೀದಿಯಲ್ಲೇ ಡೆಂಗಿಯಿಂದ ಆಸ್ಪತ್ರೆ ಸೇರಿದವರಿದ್ದಾರೆ. ಆದರೆ ಡೆಂಗಿ ಸೊಳ್ಳೆ ಹುಟ್ಟುವುದು ಮನೆಯೊಳಗಿನ, ಮನೆ ಸುತ್ತಲಿನ ನಿಂತ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಅಲ್ಲೇ ಮುಗಿಯಿತು. ಬೀದಿಯ ಹೊಗೆಗೆ ಹಾರುವ ಸೊಳ್ಳೆ ಸತ್ತರೂ ನೀರಿನಲ್ಲಿರುವ ಮರಿ ಸಾಯುವುದಿಲ್ಲ. ಹೊಗೆ ಹಾಕಲೇಬೇಕಾದರೆ ಸೂರ್ಯ ಮುಳುಗಿ ಜೇನು ಗೂಡು ಸೇರಿದ ಮೇಲೆ ಹಾಕಿ. ಹೂ ಬಿಟ್ಟ ಮರದತ್ತ ಬಾಯಿ ತಿರುಗಿಸಬೇಡಿ. ಹಿಂದಿನ ದಿನ ತಿಳಿಸಿದರೆ ನಾನು ನೀರಿನ ತಟ್ಟೆ, ಎರೆಹುಳದ ಡ್ರಮ್ಮು ಮುಚ್ಚಿಡುತ್ತೇನೆ. ಪ್ರತಿ ಭಾನುವಾರ ನಮ್ಮ ಬೀದಿಯ ಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು ಎಲ್ಲ ನೋಡಿ ನೀರು ಚೆಲ್ಲಿಸುವ ಕೆಲಸ ನನಗೆ ಬಿಡಿ. ಇದನ್ನು ಬರೆದು ಕೊಡುತ್ತೇನೆ.

ಎಲೆ ಸುಡುವುದರ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಊರಲ್ಲಿ ಒಣ ಎಲೆಗೆ ದರಕು ಅನ್ನುತ್ತಾರೆ. ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ಸೊಪ್ಪಿನಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆ ಮರದ ಬುಡಕ್ಕೆ ಹಾಕುವುದು ವರ್ಷದ ದೊಡ್ಡ ಕೆಲಸ. ಅದಕ್ಕಾಗಿ ಮೈಲಿಗಟ್ಟಲೆ ನಡೆಯುತ್ತಾರೆ. ಇಲ್ಲಿ ಅದೇ ದರಕು ಮನೆ ಬಾಗಿಲಿಗೆ ತಾನಾಗಿ ಉದುರುತ್ತದೆ, ನಾವು ಗುಡ್ಡೆ ಹಾಕಿ ಬೆಂಕಿ ಇಡುತ್ತೇವೆ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಳಗ್ಗೆ ಬೀದಿಗೆ ಬಂದರೆ ಹೊಗೆ, ಕೆಮ್ಮು. ಗುಡಿಸುವವರನ್ನು ನಾನು ಬೈಯುವುದಿಲ್ಲ. ಎಲೆ ಎಲ್ಲಿ ಹಾಕಬೇಕು ಅಂತ ನಾವು ಅವರಿಗೆ ಜಾಗವನ್ನೇ ಕೊಟ್ಟಿಲ್ಲ. ಪಾರ್ಕಿನ ಪಂಪ್‌ಹೌಸ್ ಹಿಂದೆ 10x6 ಅಡಿ ಜಾಗ ಸುಮ್ನೆ ಬಿದ್ದಿದೆ. ಅಲ್ಲಿ ಜಾಲರಿ ಹೊಡೆದು ಎಲೆ ತುಂಬೋಣ. ಪಕ್ಕದಲ್ಲಿ ಇಟ್ಟಿಗೆಯ ಎರಡು ತೊಟ್ಟಿ ಕಟ್ಟಿ ಎರೆಹುಳು ಬಿಡೋಣ. 20 ಮನೆಯ ಸಿಪ್ಪೆಯಿಂದ ಶುರು ಮಾಡೋಣ, ಹುಳ ಹೆಚ್ಚಾದ ಹಾಗೆ ಮನೆ ಹೆಚ್ಚಿಸೋಣ. ಹುಳ ನಾನು ಕೊಡುತ್ತೇನೆ, ಮೊದಲ ಆರು ತಿಂಗಳು ನೋಡಿಕೊಳ್ಳುತ್ತೇನೆ. ಹಸಿ ಕಸ ಬೇರೆ ಮಾಡಿ ಅಂತ 2015ರಲ್ಲೇ ಹೈಕೋರ್ಟ್ ಹೇಳಿತ್ತು. 5,000 ಚದರ ಮೀಟರ್ ಮೀರಿದ ಗೇಟೆಡ್ ಬಡಾವಣೆಗಳು ಹಸಿ ಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ನಮಗೆ ಗೇಟು ಇಲ್ಲದಿದ್ದರೇನು, ಕಸ ಅದೇ ಅಲ್ವಾ.

ಈ ಊರಿನಲ್ಲಿ ಇದೇನೂ ಹೊಸ ಮಾತಲ್ಲ. ಡಾ. ಬಿ.ಎನ್. ವಿಶ್ವನಾಥ್ ಅವರು ಬೆಂಗಳೂರಿನ ಎಷ್ಟೋ ಮನೆಗಳಿಗೆ ತಾರಸಿ ತೋಟ ಕಲಿಸಿಕೊಟ್ಟರು. ದೊಡ್ಡಬಳ್ಳಾಪುರದ ಹತ್ತಿರ ಮರಳೇನಹಳ್ಳಿಯಲ್ಲಿ ಎಲ್. ನಾರಾಯಣರೆಡ್ಡಿಯವರು ವಿಷವಿಲ್ಲದೆ ಬೇಸಾಯ ಮಾಡಿ, ಬಂದವರಿಗೆಲ್ಲ ಮಣ್ಣು ಮುಟ್ಟಿಸಿ ತೋರಿಸಿದರು. 2019ರಲ್ಲಿ ಅವರು ತೀರಿಕೊಂಡರು. ಅವರ ತೋಟದ ಮಣ್ಣು ಕೈಯಲ್ಲಿ ಹಿಡಿದವರು ಆ ಮೆದು ಮರೆಯಲಾರರು.

ಅಕ್ಕಪಕ್ಕದ ಮನೆಯವರಲ್ಲಿ ಒಂದು ಕೋರಿಕೆ. ನರ್ಸರಿಯಲ್ಲಿ ಸಣ್ಣ ಬಾಟಲಿಯಲ್ಲಿ ‘ಔಷಧಿ’ ಕೊಡುತ್ತಾರೆ. ವಿಷಕ್ಕೆ ನಾವೇ ಇಟ್ಟ ಹೆಸರು ಅದು. ಇಮಿಡಾಕ್ಲೋಪ್ರಿಡ್ ಥರದ್ದು ಗಿಡದ ರಸದೊಳಗೇ ಸೇರಿ ಹೂವಿನ ಪರಾಗಕ್ಕೂ ಮಕರಂದಕ್ಕೂ ಬರುತ್ತದೆ. ನಾಲ್ಕು ದಾಸವಾಳದ ಬಿಳಿ ಹೇನಿಗೆ ಅದು ಬೇಕೇ? ನೀರು ಜೋರಾಗಿ ಚಿಮ್ಮಿಸಿದರೆ ಅರ್ಧ ಹೇನು ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸಾಬೂನು ನೀರು. ಅದನ್ನೂ ಸಂಜೆಯೇ ಹೊಡೆಯಿರಿ, ಹೂ ಬಿಟ್ಟು ಎಲೆಗೆ ಮಾತ್ರ. ಹೀರೆ, ಹಾಗಲಕ್ಕೆ ಹಣ್ಣುನೊಣ ಕಾಡಿದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ, ಎಳೆ ಕಾಯಿಗೆ ಕಾಗದ ಸುತ್ತಿ. ಕೊತ್ತಂಬರಿ, ಸಾಸಿವೆ, ಕಾಮಕಸ್ತೂರಿ ಇವನ್ನು ಒಂದೆರಡು ಕುಂಡದಲ್ಲಿ ಕೀಳದೆ ಹೂ ಬಿಡಲು ಬಿಡಿ. ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ. ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ನಾಲ್ಕು ಕಲ್ಲು ಹಾಕಿ, ಜೇನು ಕಲ್ಲಿನ ಮೇಲೆ ಕೂತು ಕುಡಿಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ.

ಸಂಘದವರಲ್ಲಿ ನಾನು ಕೇಳುವುದು ಇಷ್ಟು. ವರ್ಷದ ಗುತ್ತಿಗೆಗೆ ಈಗಲೇ ಸಹಿ ಹಾಕಬೇಡಿ. ಗೂಡು ಕಂಡರೆ ಸ್ಪ್ರೇಯವರಿಗಿಂತ ಮೊದಲು ನನಗೆ ಒಂದು ಫೋನ್ ಮಾಡಿ, ಇಬ್ಬರೂ ಹೋಗಿ ನೋಡೋಣ. ಮುಂದಿನ ಸಭೆಯಲ್ಲಿ ಪಂಪ್‌ಹೌಸ್ ಹಿಂದಿನ ಜಾಗದ ವಿಷಯ ಹಾಕಿ, ನನಗೆ ಹತ್ತು ನಿಮಿಷ ಕೊಡಿ. ಡ್ರಮ್ಮಿನ ಬಗ್ಗೆ ದೂರು ಕೊಟ್ಟವರು ಯಾರು ಅಂತ ನಾನು ಕೇಳುವುದಿಲ್ಲ. ಅವರೇ ಮೊದಲು ಬರಲಿ ಅಂತ ಆಸೆ.

ಈ ವರ್ಷ ಮತ್ತೆ ಕುಂಬಳ ಹಾಕಿದ್ದೇನೆ. ಹೋದ ವಾರ ಮೊದಲ ಹೆಣ್ಣು ಹೂ ಬಿಟ್ಟಿತು. ಬೆಳಗ್ಗೆ 6.40ಕ್ಕೆ ಒಂದು ತುಡುವೆ ಬಂತು. ಒಂದೇ ಒಂದು. ಅದು ಎಲ್ಲಿಂದ ಬಂತೋ, ಯಾವ ಮರದ ಪೊಟರೆಯಲ್ಲಿ ಉಳಿದಿತ್ತೋ. ಬರುವ ಭಾನುವಾರ ಇನ್ನೂ ನಾಲ್ಕೈದು ಹೂ ಅರಳುವ ಹಾಗಿವೆ. 6 ಗಂಟೆಗೆ ಬನ್ನಿ, ಕಾಫಿ ಇಟ್ಟಿರುತ್ತೇನೆ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ, ತಡ ಮಾಡಬೇಡಿ. ಎರೆಹುಳು ಬೇಕಾದವರು ಮುಚ್ಚಳಕ್ಕೆ ತೂತಿರುವ ಒಂದು ಡಬ್ಬಿ ತನ್ನಿ.

ಇಂತಿ,
ನಾಲ್ಕನೇ ಕ್ರಾಸಿನ ಕೈತೋಟದವಳು